ಫ್ರೆಂಚ್ ಈರುಳ್ಳಿ ಸೂಪ್ ಮೂರನೇ ಸಲವೂ ಕೆಟ್ಟಿತು: ಬಣ್ಣ ಇಲ್ಲ, ಬರೀ ಸಿಹಿ, ಬ್ರೆಡ್ ಗಂಜಿ

ಲಿಯೋನ್ ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ಓದಲು ಫ್ರಾನ್ಸಿನ ಲಿಯೋನ್‌ಗೆ ಬಂದು ಎರಡು ವರ್ಷ ಆಯಿತು. ಇಲ್ಲಿ ಬೂಶೋಂ ಅನ್ನುವ ಹಳೆಯ ಕಾಲದ ಸಣ್ಣ ಹೋಟೆಲ್‌ಗಳಿವೆ. ಚಳಿಗಾಲದಲ್ಲಿ ಅಲ್ಲಿ ಈರುಳ್ಳಿ ಸೂಪ್ ಕೊಡುತ್ತಾರೆ. ಮೇಲೆ ಚೀಸ್ ಹೊಂಬಣ್ಣಕ್ಕೆ ಬಂದು ಬಟ್ಟಲಿನ ಅಂಚಿಗೆ ಅಂಟಿರುತ್ತದೆ. ಚಮಚ ಇಳಿಸಿದರೆ ಒಳಗಿಂದ ಹಬೆ ಏಳುತ್ತದೆ. ಅದನ್ನು ಮನೆಯಲ್ಲಿ ಮಾಡಬೇಕೆಂದು ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಕೆಟ್ಟಿತು.

ನಾನು ಮಾಡಿದ್ದು ಹೀಗೆ. 600 ಗ್ರಾಂ ಹಳದಿ ಈರುಳ್ಳಿಯನ್ನು ತುಂಬಾ ತೆಳ್ಳಗೆ ಹೆಚ್ಚಿದೆ. ನಾನ್‌ಸ್ಟಿಕ್ ಬಾಣಲೆಯಲ್ಲಿ ಬೆಣ್ಣೆ ಹಾಕಿ 15 ನಿಮಿಷ ಹುರಿದೆ. ರೆಸಿಪಿಯಲ್ಲಿ ಹತ್ತೇ ನಿಮಿಷ ಅಂತ ಇತ್ತು. ಆಮೇಲೆ ಒಂದೂವರೆ ಲೀಟರ್ ನೀರು, ತರಕಾರಿ ಸ್ಟಾಕಿನ (ಬೇಯಿಸಿ ಸೋಸಿದ ಸಾರಿನ) ಕ್ಯೂಬ್. ಬಟ್ಟಲಿಗೆ ಬಗ್ಗಿಸಿ, ತಾಜಾ ಬ್ಯಾಗೆಟ್ (ಉದ್ದನೆಯ ಫ್ರೆಂಚ್ ಬ್ರೆಡ್) ಮತ್ತು ಪ್ಯಾಕೆಟ್‌ನ ತುರಿದ ಚೀಸ್ ಹಾಕಿ, ಓವನ್‌ನಲ್ಲಿ 180 ಡಿಗ್ರಿಗೆ 20 ನಿಮಿಷ ಇಟ್ಟೆ. ಸೂಪ್ ಬೆಳ್ಳಗೆ, ಬರೀ ಸಿಹಿ. ಬ್ರೆಡ್ ಕರಗಿ ಗಂಜಿ. ಚೀಸ್ ಎಣ್ಣೆ ಬಿಟ್ಟು ರಬ್ಬರಿನ ಹಾಗೆ.

ಮುಂದಿನ ತಿಂಗಳು ಅಪ್ಪ ಅಮ್ಮ ಬರುತ್ತಿದ್ದಾರೆ. ಇಬ್ಬರೂ ಸಸ್ಯಾಹಾರಿಗಳು. ಅವರಿಗೆ ಈ ಊರಿನ ಒಂದು ಅಡುಗೆಯಾದರೂ ನನ್ನ ಕೈಯಾರೆ ಬಡಿಸಬೇಕು ಅಂತ ಆಸೆ. ಎಲ್ಲಿ ತಪ್ಪುತ್ತಿದೆ, ದಯವಿಟ್ಟು ಹೇಳಿ.

ಸಣ್ಣ ಉರಿ

ನಾನು ಪ್ಯಾರಿಸ್ ಪಕ್ಕದಲ್ಲಿದ್ದೇನೆ. ಪ್ರತಿ ಚಳಿಗಾಲಕ್ಕೂ ಈ ಸೂಪ್ ಮಾಡುತ್ತೇನೆ. ನಿಮ್ಮ ಕೈಯಲ್ಲಿ ತಪ್ಪಿಲ್ಲ, ಆ ಹತ್ತು ನಿಮಿಷದ ಲೆಕ್ಕವೇ ತಪ್ಪು. ಹತ್ತು ನಿಮಿಷದಲ್ಲಿ ಈರುಳ್ಳಿ ಬಾಡುತ್ತದೆ, ಅಷ್ಟೆ. ಉಪ್ಪಿಟ್ಟಿಗೆ ಅಷ್ಟು ಸಾಕು, ಈ ಸೂಪಿಗೆ ಸಾಲದು.

ಕಾರಣ ಇಷ್ಟೇ. ಈರುಳ್ಳಿಯಲ್ಲಿ ಹತ್ತಿರ ಹತ್ತಿರ 90 ಭಾಗ ನೀರು. ಆ ನೀರು ಪಾತ್ರೆಯಲ್ಲಿ ಇರುವವರೆಗೆ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣವೂ ಹುರಿದ ಘಮವೂ ಚೆನ್ನಾಗಿ ಬರುವುದು 140ರ ಆಸುಪಾಸಿನಲ್ಲಿ. ನೀವು ನೀರು ಹೋಗುವ ಮೊದಲೇ ಮತ್ತೆ ನೀರು ಹಾಕಿದಿರಿ. ಖಾರ ಹೋಯಿತು, ಸಕ್ಕರೆ ಉಳಿಯಿತು. ಅದಕ್ಕೇ ಬರೀ ಸಿಹಿ.

ಈ ಸಲ ನಾಲ್ಕು ಜನಕ್ಕೆ ಒಂದು ಕಿಲೋ ಈರುಳ್ಳಿ ತಗೊಳ್ಳಿ. ಬೇರಿನ ತುದಿಯಿಂದ ಮೊಳಕೆಯ ತುದಿಗೆ ಉದ್ದುದ್ದ ಹೆಚ್ಚಿ, 3-4 ಮಿಲಿಮೀಟರ್ ದಪ್ಪ ಇರಲಿ. ಎಳೆ ತೀರಾ ತೆಳ್ಳಗಾದರೆ ಕೊನೆಗೆ ಗೊಜ್ಜಾಗುತ್ತದೆ. ನಾನ್‌ಸ್ಟಿಕ್ ಬೇಡ. ಗಟ್ಟಿ ತಳದ ಸ್ಟೀಲ್ ಅಥವಾ ಎರಕದ ಕಬ್ಬಿಣದ ಪಾತ್ರೆ ಬೇಕು, ಯಾಕೆಂದರೆ ತಳಕ್ಕೆ ಸ್ವಲ್ಪ ಅಂಟಲೇಬೇಕು. ಈ ಸೂಪಿನ ರುಚಿ ಇರುವುದೇ ಆ ಅಂಟಿನಲ್ಲಿ.

50 ಗ್ರಾಂ ಬೆಣ್ಣೆ, ಒಂದು ಚಮಚ ಎಣ್ಣೆ, ಅರ್ಧ ಟೀ ಚಮಚ ಉಪ್ಪು. ಮೊದಲ 15 ನಿಮಿಷ ಮುಚ್ಚಿಡಿ, ಉಪ್ಪಿಗೆ ಈರುಳ್ಳಿ ನೀರು ಬಿಡುತ್ತದೆ. ಆಮೇಲೆ ಮುಚ್ಚಳ ತೆಗೆದು, ನಡು ಉರಿಗಿಂತ ಸ್ವಲ್ಪ ಕಡಿಮೆ ಇಟ್ಟು ಕೈಯಾಡಿಸುತ್ತಾ ಇರಿ. ಕಿವಿ ಪಾತ್ರೆಯ ಕಡೆಗೇ ಇರಲಿ. ನೀರಿರುವಾಗ ಕುದಿಯುವ ಗುಳು ಗುಳು ಸದ್ದು. ನೀರು ಆರಿದ ಮೇಲೆ ಚರ ಚರ ಅನ್ನಲು ಶುರುವಾಗುತ್ತದೆ. ಬಣ್ಣ ತಿರುಗುವುದು ಅಲ್ಲಿಂದ. ತಳದಲ್ಲಿ ಕಂದು ಪೊರೆ ಕಟ್ಟಿದಾಗ ಎರಡು ಚಮಚ ನೀರು ಚಿಮುಕಿಸಿ, ಮರದ ಸೌಟಿನಿಂದ ಕೆರೆಯಿರಿ. ಪೊರೆ ಕರಗಿ ಈರುಳ್ಳಿಗೆ ಸೇರುತ್ತದೆ. ನೀರು ಆರಲಿ, ಮತ್ತೆ ಪೊರೆ ಕಟ್ಟಲಿ, ಮತ್ತೆ ಕೆರೆಯಿರಿ. ನನಗೆ ಹೀಗೆ ನಾಲ್ಕೈದು ಸಲ ಆಗುತ್ತದೆ. ಒಟ್ಟು ಒಂದು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಪಾತ್ರೆ ತುಂಬ ಇದ್ದದ್ದು ತಳದಲ್ಲಿ ಎರಡು ಹಿಡಿಯಷ್ಟಾಗಿ, ಜೋನಿ ಬೆಲ್ಲದ ಬಣ್ಣಕ್ಕೆ ಬಂದರೆ ಆಯಿತು ಅಂತ ಲೆಕ್ಕ.

ಆಮೇಲಿನದು ಸುಲಭ. ಒಂದು ಚಮಚ ಮೈದಾ ಹಾಕಿ ಎರಡು ನಿಮಿಷ ಹುರಿಯಿರಿ. 150 ಮಿಲಿ ಸಿಹಿ ಇಲ್ಲದ ಬಿಳಿ ವೈನ್ ಹಾಕಿ ಮುಕ್ಕಾಲು ಭಾಗ ಆರುವವರೆಗೆ ಕುದಿಸಿ. ನಂತರ ಒಂದೂಕಾಲು ಲೀಟರ್ ಸ್ಟಾಕ್, ಥೈಮ್ ಸೊಪ್ಪು, ಒಂದು ಪಲಾವ್ ಎಲೆ, ಅರ್ಧ ಗಂಟೆ ಸಣ್ಣ ಉರಿ. ವೈನಿನ ಹುಳಿ ಸಿಹಿಯನ್ನು ಹಿಡಿತದಲ್ಲಿಡುತ್ತದೆ. ಮನೆಯವರಿಗೆ ವೈನ್ ಬೇಡವಾದರೆ ಕೊನೆಯಲ್ಲಿ ಒಂದು ಟೀ ಚಮಚ ಸೇಬಿನ ವಿನೆಗರ್ ಹಾಕಿ.

ಹೊಸ ಓವನ್

ಒಂದು ಗಂಟೆ ಯಾಕೆ? ಚಿಟಿಕೆ ಅಡುಗೆ ಸೋಡಾ ಹಾಕಿದರೆ 20 ನಿಮಿಷದಲ್ಲೇ ಕಂದಾಗುತ್ತದೆ. ನಾನು ಮಾಡಿದ್ದೇನೆ.

ಸಣ್ಣ ಉರಿ

ಬಣ್ಣ ಬೇಗ ಬರುವುದು ನಿಜ. ಆದರೆ ಸೋಡಾ ಈರುಳ್ಳಿಯ ಎಳೆಯನ್ನೇ ಮುರಿದು ಮುದ್ದೆ ಮಾಡುತ್ತದೆ. ಸ್ವಲ್ಪ ಜಾಸ್ತಿಯಾದರೆ ಸೋಪಿನ ರುಚಿ. ಚಟ್ನಿಗೋ ಸಾಸಿಗೋ ಆದರೆ ನಡೆಯಬಹುದು. ಸೂಪಿನಲ್ಲಿ ಎಳೆ ಬಾಯಿಗೆ ಸಿಗಬೇಕು, ಅಲ್ವಾ? ಸಮಯ ಕೊಡಲು ಆಗದ ದಿನ ಬೇರೆ ಸೂಪ್ ಮಾಡುವುದೇ ಒಳ್ಳೆಯದು.

ಲಿಯೋನ್ ಅಡುಗೆಮನೆ

ತುಂಬಾ ಧನ್ಯವಾದ. ನಿನ್ನೆ ರಾತ್ರಿ ಮಾಡಿದೆ. ಬಣ್ಣ ಚೆನ್ನಾಗಿ ಬಂತು, ಆದರೆ ಕೊನೆಯಲ್ಲಿ ಸ್ವಲ್ಪ ಕಹಿ. ನನ್ನ ಇಂಡಕ್ಷನ್ ಒಲೆ ಸಣ್ಣದು, ಪಾತ್ರೆಯ ನಡುವೆ ಮಾತ್ರ ಕಾಯುತ್ತದೆ. ಅಲ್ಲಿ ಕಪ್ಪಾಗಿತ್ತು, ಅದನ್ನೂ ಕೆರೆದು ಸೇರಿಸಿಬಿಟ್ಟೆ. ಇನ್ನೊಂದು ವಿಷಯ: ಇಲ್ಲಿ ಎಲ್ಲರೂ ಗೋಮಾಂಸದ ಸ್ಟಾಕ್ ಹಾಕುತ್ತಾರೆ. ಅದಿಲ್ಲದೆ ಮಾಡಿದರೆ ನಿಜವಾದ ಈರುಳ್ಳಿ ಸೂಪ್ ಆಗುತ್ತದೆಯೇ?

ಸಣ್ಣ ಉರಿ

ಕಹಿ ಬಂದದ್ದು ಆ ಕಪ್ಪಿನಿಂದಲೇ. ಕಂದು ರುಚಿ, ಕಪ್ಪು ಬರೀ ಸೀದದ್ದು. ಹಾಗಾದಾಗ ಕೆರೆಯಬೇಡಿ. ಮೇಲಿನ ಈರುಳ್ಳಿಯನ್ನು ಮೆಲ್ಲಗೆ ಬೇರೆ ಪಾತ್ರೆಗೆ ಹಾಕಿ ಮುಂದುವರಿಸಿ. ಇನ್ನು ಮುಂದೆ ನಡುವಿನದನ್ನು ಅಂಚಿಗೆ, ಅಂಚಿನದನ್ನು ನಡುವೆ ತರುತ್ತಾ ಇರಿ, ನೀರನ್ನೂ ಸ್ವಲ್ಪ ಮುಂಚೆಯೇ ಚಿಮುಕಿಸಿ.

ಸ್ಟಾಕ್ ವಿಷಯ. ಇದು ಮೂಲದಲ್ಲಿ ಬಡವರ ಊಟ. ಮಾಂಸ ತಿನ್ನದ ವ್ರತದ ದಿನಗಳಲ್ಲಿ ಫ್ರಾನ್ಸಿನ ಮನೆಗಳಲ್ಲಿ ಬರೀ ನೀರಿನಲ್ಲೇ ಈರುಳ್ಳಿ ಸೂಪ್ ಮಾಡುತ್ತಿದ್ದರು. ಪ್ಯಾರಿಸಿನ ಲೆ ಆಲ್ ಮಾರುಕಟ್ಟೆಯಲ್ಲಿ ರಾತ್ರಿಯಿಡೀ ಮೂಟೆ ಹೊತ್ತವರು ಬೆಳಗಿನ ಜಾವ ಇದನ್ನೇ ಕುಡಿಯುತ್ತಿದ್ದರು. 1969ರಲ್ಲಿ ಆ ಸಗಟು ಮಾರುಕಟ್ಟೆ ನಗರದ ಹೊರಗೆ ರಂಜೀಸ್‌ಗೆ ಹೋಯಿತು, ಸೂಪ್ ಮಾತ್ರ ಅಲ್ಲೇ ಉಳಿಯಿತು. ಹಾಗಾಗಿ ನಿಮ್ಮ ಅಪ್ಪ ಅಮ್ಮನಿಗೆ ಬಡಿಸುವುದೂ ನಿಜವಾದ ಈರುಳ್ಳಿ ಸೂಪೇ.

ಆದರೆ ಕ್ಯೂಬ್ ಬಿಡಿ. 20 ಗ್ರಾಂ ಒಣ ಅಣಬೆ, ಒಂದು ಕ್ಯಾರೆಟ್, ಈರುಳ್ಳಿ ಜಾತಿಯ ಲೀಕ್‌ನ ಹಸಿರು ಭಾಗ, ಮತ್ತೆ ಈರುಳ್ಳಿಯ ಒಣ ಸಿಪ್ಪೆಯನ್ನು ತೊಳೆದು ಹಾಕಿ 40 ನಿಮಿಷ ಕುದಿಸಿ ಸೋಸಿ. ಸಿಪ್ಪೆ ಒಳ್ಳೆಯ ಬಣ್ಣ ಕೊಡುತ್ತದೆ. ಕೊನೆಗೆ ಒಂದು ಚಮಚ ಸೋಯಾ ಸಾಸ್. ಉಪ್ಪು ನೋಡಿ ಹಾಕಿ, ಚೀಸಿನಲ್ಲೂ ಇರುತ್ತದೆ.

ಬೆಣ್ಣೆ ಬಟ್ಟಲು

ಬ್ರೆಡ್, ಚೀಸ್ ಬಗ್ಗೆ ನಾನು ಹೇಳುತ್ತೇನೆ. ಹಿಂದಿನ ದಿನದ ಬ್ಯಾಗೆಟ್ಟನ್ನು ಎರಡು ಸೆಂಟಿಮೀಟರ್ ದಪ್ಪ ಕತ್ತರಿಸಿ 150 ಡಿಗ್ರಿಯಲ್ಲಿ ಸುಮಾರು 25 ನಿಮಿಷ ಒಣಗಿಸಿ, ನಡುವೆ ಒಮ್ಮೆ ಮಗುಚಿ. ರಸ್ಕ್ ಹಾಗೆ ಟಕ್ ಅನ್ನಬೇಕು. ಹಾಗಿದ್ದರೆ ಸೂಪ್ ಹೀರಿದರೂ ಬೇಗ ಕರಗುವುದಿಲ್ಲ.

20 ನಿಮಿಷ ಓವನ್‌ನಲ್ಲಿ ಬೇಯಿಸಿದ್ದರಿಂದ ಚೀಸಿನ ಕೊಬ್ಬು ಬೇರೆಯಾಗಿದೆ. ಸೂಪ್ ಕುದಿಯುತ್ತಾ ಇರುವಾಗಲೇ ಬಟ್ಟಲಿಗೆ ಹಾಕಿ, ಮೇಲಿನ ಗ್ರಿಲ್ ಮಾತ್ರ ಹಚ್ಚಿ, ಮೂರು ನಾಲ್ಕು ನಿಮಿಷ ಕಣ್ಣೆದುರೇ ಇಟ್ಟುಕೊಂಡು ತೆಗೆಯಿರಿ. ಪ್ಯಾಕೆಟ್ ತುರಿಗೆ ಅಂಟದಿರಲಿ ಅಂತ ಪಿಷ್ಟ ಸೇರಿಸಿರುವುದುಂಟು, ತುಂಡು ತಂದು ನೀವೇ ತುರಿಯಿರಿ. ಬಟ್ಟಲು ಓವನ್‌ಗೆ ಆಗುವಂಥದ್ದೇ ಇರಲಿ. ಸಾಮಾನ್ಯ ಗಾಜು ಗ್ರಿಲ್ ಕೆಳಗೆ ಸೀಳುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮುಖ್ಯ ಮಾತು. ಈ ಸೂಪಿಗೆ ಹಾಕುವ ಗ್ರುಯೇರ್, ಕೋಂತೇ ಚೀಸ್ ಎರಡನ್ನೂ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಹಾಕಿಯೇ ಮಾಡುತ್ತಾರೆ. ಲೇಬಲ್‌ನಲ್ಲಿ 'ಪ್ರೆಝ್ಯೂರ್' ಅಂತ ಇದ್ದರೆ ಅದು ಪ್ರಾಣಿಯದು. 'ಕೊಅಗ್ಯುಲಾಂ ಮೈಕ್ರೋಬಿಯಾಂ' (ಸೂಕ್ಷ್ಮಜೀವಿಗಳಿಂದ ಬಂದದ್ದು) ಅಂತ ಬರೆದ ಎಮೆಂಟಾಲ್ ಚೀಸ್ ಹುಡುಕಿ ನೋಡಿ. ಗ್ರುಯೇರಿನಷ್ಟು ಗಾಢ ರುಚಿ ಇರುವುದಿಲ್ಲ, ಆದರೆ ಚೆನ್ನಾಗಿ ಕರಗುತ್ತದೆ.

ಲಿಯೋನ್ ಅಡುಗೆಮನೆ

ಚೀಸ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಹೇಳದಿದ್ದರೆ ಅವರಿಗೆ ಅದನ್ನೇ ಬಡಿಸುತ್ತಿದ್ದೆ.

ಅವರು ಬಂದರು, ಶನಿವಾರ ಮಾಡಿದೆ. ಈರುಳ್ಳಿಗೆ 70 ನಿಮಿಷ ಹಿಡಿಯಿತು. ಬ್ರೆಡ್ ಗಟ್ಟಿಯಾಗಿ ಉಳಿಯಿತು, ಚೀಸ್ ನೂಲಿನ ಹಾಗೆ ಎಳೆಯಿತು. ಅಪ್ಪ ಎರಡನೇ ಬಟ್ಟಲು ಕೇಳಿದರು. ಅಮ್ಮ ಅಂಚಿಗೆ ಅಂಟಿದ ಚೀಸನ್ನು ಚಮಚದಲ್ಲಿ ಕೆರೆದು ತಿಂದರು. ಈರುಳ್ಳಿ ಹುರಿಯುವುದನ್ನು ಮಾತ್ರ ಮೊದಲೇ ಮಾಡಿಟ್ಟುಕೊಳ್ಳಬಹುದೇ? ಅವರು ಹೊರಡುವ ಮುಂಚೆ ಇನ್ನೊಂದು ಸಲ ಮಾಡಬೇಕು.

ಸಣ್ಣ ಉರಿ

ಓದಿ ಖುಷಿಯಾಯಿತು. ಖಂಡಿತ ಮಾಡಿಡಬಹುದು. ಆರಿಸಿ ಡಬ್ಬಿಗೆ ಹಾಕಿದರೆ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ, ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು. ಮೈದಾ ಮಾತ್ರ ಈಗ ಹಾಕಬೇಡಿ, ಸೂಪ್ ಮಾಡುವ ದಿನವೇ ಹಾಕಿ.