ತೋಟದ ಏರುದಾರಿಗೆ ಮಿಲಿಟರಿ ಡಿಸ್ಪೋಸಲ್ ವಾಹನ: ಜಿಪ್ಸಿಯೇ, ಮಹೀಂದ್ರ ಜೀಪೇ, ಜೋಂಗಾವೇ?

ಪ್ರಶ್ನೆ: ಪೆರ್ಲದ ತೋಟಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮತ್ತು ಅಡಿಕೆ ತೋಟ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿವೆ. ಟಾರು ರಸ್ತೆ ಗುಡ್ಡದ ಮೇಲೆಯೇ ಮುಗಿಯುತ್ತದೆ. ಅಲ್ಲಿಂದ ನಮ್ಮ ಅಂಗಳಕ್ಕೆ ಇಳಿಯುವ ದಾರಿ ಸುಮಾರು 600 ಮೀಟರ್ ಇದ್ದು, ಮೇಲಿನ ಅರ್ಧ ಮುರಕಲ್ಲು, ಕೆಳಗಿನ ಅರ್ಧ ಜೇಡಿಮಣ್ಣು. ನಡುವೆ ಒಂದು ಕಡಿದಾದ ತಿರುವು ಇದೆ. ಮಳೆಗಾಲದಲ್ಲಿ ಆ ತಿರುವಿನಲ್ಲಿ ಹಾವಸೆ ಕಟ್ಟಿ, ಬಾಡಿಗೆ ಪಿಕಪ್‌ನವರು ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆಳಗೆ ಬರಲು ಒಪ್ಪುವುದಿಲ್ಲ. ಸುಲಿದ ಅಡಿಕೆಯ ಚೀಲಗಳನ್ನು ತಲೆಹೊರೆಯಲ್ಲಿ ಮೇಲಕ್ಕೆ ಸಾಗಿಸುವ ಆಳುಗಳು ಈಗ ಸಿಗುವುದಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತಿಗೆ ಮೈಲುತುತ್ತು, ಸುಣ್ಣ, ಸ್ಪ್ರೇಯರ್, ಪೈಪಿನ ಸುರುಳಿಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಬೇಕಾಗುತ್ತದೆ.

ಆದ್ದರಿಂದ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ಹಳೆಯ ಮಿಲಿಟರಿ ವಾಹನವೊಂದನ್ನು ಕೊಳ್ಳಬೇಕೆಂದಿದ್ದೇನೆ. ಒಮ್ಮೆಗೆ 6 ಅಥವಾ 7 ಚೀಲ, ಅಂದರೆ ನಾನೂರು ಕಿಲೋಗೆ ಹತ್ತಿರದ ಹೇರು ಸಾಕು. ವಾರಕ್ಕೊಮ್ಮೆ ಬದಿಯಡ್ಕ ಪೇಟೆಗೂ, ಅಪರೂಪಕ್ಕೆ ಕಾಸರಗೋಡಿಗೂ ಹೋಗಿಬರಬೇಕು. ನನ್ನ ಕಣ್ಣಿಗೆ ಬಿದ್ದಿರುವವು ನಾಲ್ಕು: ಒಂದು ಪೆಟ್ರೋಲ್ ಜಿಪ್ಸಿ ಕಿಂಗ್, ಒಂದು ಮಹೀಂದ್ರ ಎಂಎಂ 540 ಡೀಸೆಲ್ ಜೀಪು, ಸೇನೆಯ ಹಳೆಯ ದೊಡ್ಡ ಜೀಪಾದ ಜೋಂಗಾ ಒಂದು, ಮತ್ತು ಹಿಂದೆ ತೆರೆದ ತೊಟ್ಟಿಯಿರುವ ನಿಸ್ಸಾನ್ ಒನ್ ಟನ್. ಎಲ್ಲವನ್ನೂ ಸೇನೆಯಿಂದ ಹೊರಬಂದವು ಎಂದೇ ಮಾರುವವರು ಹೇಳುತ್ತಿದ್ದಾರೆ. ನಿಜ ಹೇಳಬೇಕೆಂದರೆ ಜೋಂಗಾದ ಮೇಲೆ ನನಗೆ ಚಿಕ್ಕಂದಿನಿಂದಲೂ ಆಸೆ ಇದೆ. ಆದರೆ ಇದು ಮನೆಯ ದುಡ್ಡು, ಆಸೆಯನ್ನು ಮಾತ್ರ ನೋಡಿ ಖರ್ಚು ಮಾಡುವಂತಿಲ್ಲ. ಬಳಸಿ ಗೊತ್ತಿರುವವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಬದಿಯಡ್ಕದ ಜೀಪು ಮಾಲಕ

ನಾನು 18 ವರ್ಷಗಳಿಂದ ಎಂಎಂ 540 ಓಡಿಸುತ್ತಿದ್ದೇನೆ. ನೀವು ವಿವರಿಸಿದ ದಾರಿಯಂಥದ್ದೇ ನಮ್ಮಲ್ಲೂ ಇರುವುದರಿಂದ ಬರೆಯುತ್ತಿದ್ದೇನೆ.

ಈ ಜೀಪಿನ ಎಂಜಿನ್ ಪೂಜೋ ಮೂಲದ ಎಕ್ಸ್‌ಡಿಪಿ ಡೀಸೆಲ್, 2,112 ಸಿಸಿ. ಶಕ್ತಿಯ ಲೆಕ್ಕದಲ್ಲಿ ಅದು 62 ಅಶ್ವಶಕ್ತಿ ಮಾತ್ರ, ಜಿಪ್ಸಿಯ 1.3 ಲೀಟರಿನ ಎಂಪಿಎಫ್‌ಐ (ಇಂಜೆಕ್ಟರ್ ಮೂಲಕ ಪೆಟ್ರೋಲ್ ಚಿಮ್ಮುವ) ಎಂಜಿನ್ನಿಗೆ 80 ಇದೆ. ಆದರೆ ಏರಿನಲ್ಲಿ ಹೇರು ಎಳೆಯುವಾಗ ಬೇಕಾಗುವುದು ಎಂಜಿನ್ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗಲೇ ಸಿಗುವ ಎಳೆತ. ಡೀಸೆಲ್ ಜೀಪು ತನ್ನ ಪೂರ್ಣ ಎಳೆತವನ್ನು 2,000 ಸುತ್ತುಗಳ ಸುಮಾರಿಗೇ ಕೊಡುತ್ತದೆ, ಜಿಪ್ಸಿಗೆ ಅದು ಸಿಗಲು 4,500 ಸುತ್ತಿನವರೆಗೆ ಎಂಜಿನ್ ಕೂಗಬೇಕು. ಒದ್ದೆ ಜೇಡಿಯಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದ ಕೂಡಲೇ ಚಕ್ರ ತಿರುಗಿ ಹೊಂಡ ತೋಡುತ್ತದೆ, ಆಮೇಲೆ ಗಾಡಿ ಅಲ್ಲೇ ಕೂರುತ್ತದೆ. ಜೀಪನ್ನು ಲೋ ರೇಂಜಿನ (ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರುಗಳ) ಎರಡನೆಯ ಗೇರಿನಲ್ಲಿ ಹಾಕಿ, ಆಕ್ಸಿಲರೇಟರಿಗೆ ಕಾಲೇ ತಾಗಿಸದೆ ನಿಧಾನವಾಗಿ ಹತ್ತಿಸಬಹುದು.

ಇನ್ನೊಂದು ಕಾರಣ, ಇದರ ಕೆಲಸ ಗೊತ್ತಿರುವ ಮೆಕ್ಯಾನಿಕ್‌ಗಳು. ನಮ್ಮ ಊರುಗಳಲ್ಲಿ ಸರ್ವಿಸ್ ಜೀಪುಗಳು ದಶಕಗಳ ಕಾಲ ಜನರನ್ನು ಸಾಗಿಸಿದ್ದರಿಂದ, ಬದಿಯಡ್ಕ, ಮುಳ್ಳೇರಿಯ, ಕುಂಬಳೆ ಎಲ್ಲಿ ಹೋದರೂ ಜೀಪಿನ ಕ್ರಾಸು (ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟಿನ ಕೀಲು), ಪ್ಲೇಟು (ಸ್ಪ್ರಿಂಗ್ ಪಟ್ಟಿ), ಕ್ಲಚ್ಚುಗಳನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವವರು ಇದ್ದಾರೆ.

ಉತ್ತರ: ಮುಳ್ಳೇರಿಯದ ನಿವೃತ್ತ ಫಿಟ್ಟರ್

ನಾನು ಸೇನೆಯ ವಾಹನ, ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಇಎಂಇ ವಿಭಾಗದಲ್ಲಿ ವಾಹನ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ನೀವು ಹೆಸರಿಸಿದ ನಾಲ್ಕರ ಅಡಿಯಲ್ಲೂ ಮಲಗಿ ಕೆಲಸ ಮಾಡಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯಲು ಅನುಮತಿ ಇರಲಿ.

ಜೋಂಗಾ ಜಪಾನಿನ ನಿಸ್ಸಾನ್ ಪಿ60 ಪಟ್ರೋಲ್ ವಾಹನದ ನಮ್ಮ ದೇಶದ ರೂಪ. ಜಬಲ್ಪುರದ ವಾಹನ ಕಾರ್ಖಾನೆಯಲ್ಲಿ 1969ರಿಂದ 1999ರವರೆಗೆ ತಯಾರಾಯಿತು. ಅದರ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ 3,956 ಸಿಸಿ, 110 ಅಶ್ವಶಕ್ತಿ. ಅದರ ಬಲದ ಬಗ್ಗೆ ನಿಮಗಿರುವ ಆಸೆ ಸುಳ್ಳಲ್ಲ, ಅಂಥ ಎಳೆತದ ಎಂಜಿನ್ನನ್ನು ನಾನು ಬೇರೆ ಯಾವ ಸಣ್ಣ ಗಾಡಿಯಲ್ಲೂ ಕಂಡಿಲ್ಲ. ಆದರೆ ಹೇರು ತುಂಬಿ ಗುಡ್ಡ ಹತ್ತುವಾಗ ಲೀಟರಿಗೆ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚನ್ನು ನಿರೀಕ್ಷಿಸಬೇಡಿ. ತಯಾರಿಕೆ ನಿಂತು ಕಾಲು ಶತಮಾನ ಕಳೆದಿರುವುದರಿಂದ ಒಂದು ವಾಟರ್ ಪಂಪಿಗಾಗಿ ಜಬಲ್ಪುರಕ್ಕೋ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೋ ಫೋನು ಮಾಡಿ, ವಾರಗಟ್ಟಲೆ ಕಾಯಬೇಕಾಗುತ್ತದೆ. ಅಡಿಕೆ ಕೊಯ್ಲಿನ ನಡುವೆ ಹಾಗೆ ಗಾಡಿ ನಿಂತರೆ ನಿಮಗೆ ಬಹಳ ಕಷ್ಟವಾದೀತು.

ನಿಸ್ಸಾನ್ ಒನ್ ಟನ್‌ನಲ್ಲೂ ಇರುವುದು ಅದೇ ಕುಟುಂಬದ ಎಂಜಿನ್. ಅದರ ಅಗಲಕ್ಕೆ ನಿಮ್ಮ ತಿರುವು ಸಾಕಾಗುತ್ತದೆಯೇ ಎಂದು ಮೊದಲು ಅಳೆದು ನೋಡಿ. ಹೇರು ಸೇರಿದಾಗ ಒಟ್ಟು ತೂಕ ಮೂರು ಟನ್ನು ಮೀರುವುದರಿಂದ ಸರಕು ವಾಹನದ ಪರ್ಮಿಟ್ಟೂ ಬೇಕಾಗುತ್ತದೆ. ನಾನೂರು ಕಿಲೋ ಹೇರಿಗೆ ಅಷ್ಟು ದೊಡ್ಡ ವಾಹನವನ್ನು ನಾನಂತೂ ಸೂಚಿಸಲಾರೆ.

ಉಳಿದವು ಎರಡು. ಮೇಲಿನವರು ಜೀಪಿನ ಪರವಾಗಿ ಬರೆದದ್ದು ಸರಿಯಾಗಿಯೇ ಇದೆ, ಆದರೆ ಜಿಪ್ಸಿಯ ಬಗ್ಗೆ ಒಂದು ಮಾತು ಬಿಟ್ಟುಹೋಗಿದೆ. ಜಿಪ್ಸಿಯ ಸ್ವಂತ ತೂಕ ಒಂದು ಟನ್ನಿನ ಆಸುಪಾಸು. ಕೆಸರಿನಲ್ಲಿ ಹಗುರವಾದ ಗಾಡಿ ಹೂತುಹೋಗುವುದು ಕಡಿಮೆ, ಹೂತರೂ ನಾಲ್ಕು ಜನ ಸೇರಿ ತಳ್ಳಿ ಹೊರತೆಗೆಯಬಹುದು. ಹಿಮಾಲಯದ ದಾರಿಗಳಲ್ಲಿ ನಮ್ಮ ತುಕಡಿಗಳು ಅದನ್ನು ಮೆಚ್ಚಿಕೊಂಡದ್ದು ಇದೇ ಗುಣಕ್ಕಾಗಿ. ಸಾರ್ವಜನಿಕರಿಗೆ ಮಾರಾಟ 2019ರಲ್ಲಿ ನಿಂತಿದ್ದರೂ ಸೇನೆಯಲ್ಲಿ ಇನ್ನೂ ಓಡುತ್ತಿರುವುದರಿಂದ ಬಿಡಿಭಾಗಗಳಿಗೆ ತೊಂದರೆ ಇಲ್ಲ. ಹೊರುವ ಮಿತಿ 500 ಕಿಲೋ ಎಂದು ಇಟ್ಟುಕೊಳ್ಳಿ. ಚಾಲಕನೂ ಜೊತೆಗೊಬ್ಬರೂ ಕುಳಿತರೆ ಅದರಲ್ಲೇ ನೂರೈವತ್ತು ಹೋಗುತ್ತದೆ.

ಯಾವುದನ್ನೇ ನೋಡಲು ಹೋದರೂ ಈ ಕೆಲಸಗಳನ್ನು ಮಾಡಿ. ಒಂದು ಗೋಣಿಚೀಲ ಹಾಸಿಕೊಂಡು ಗಾಡಿಯ ಹಿಂಭಾಗದ ಅಡಿಗೆ ಹೋಗಿ, ಪ್ಲೇಟುಗಳು ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಸೇರುವ ಜಾಗದಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಗಟ್ಟಿ ಕಬ್ಬಿಣವಾದರೆ ಟಣ್ ಎನ್ನುತ್ತದೆ. ಮಂದವಾದ ಸದ್ದು ಬಂದು ತುಕ್ಕಿನ ಪದರು ಬಿಸ್ಕತ್ತಿನಂತೆ ಕಳಚಿ ಮುಖದ ಮೇಲೆ ಬಿದ್ದರೆ ಆ ಗಾಡಿಯನ್ನು ಬಿಟ್ಟುಬಿಡಿ. ನಮ್ಮದು ಉಪ್ಪುಗಾಳಿಯ ಕರಾವಳಿ, ಇಲ್ಲಿ ಅದು ಇನ್ನೂ ಬೇಗ ಕರಗುತ್ತದೆ. ಆಮೇಲೆ ಮುಂದಿನ ಚಕ್ರವನ್ನು ಜಾಕಿ ಕೊಟ್ಟು ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗು ಸವೆದಿದ್ದರೆ ಚಕ್ರ ಟಕಟಕ ಎನ್ನುತ್ತದೆ. ಅಂಥ ಗಾಡಿಯ ಸ್ಟೇರಿಂಗು ಒಂದು ವೇಗ ದಾಟಿದ ಕೂಡಲೇ ಕೈಯಲ್ಲಿ ನಿಲ್ಲದಷ್ಟು ನಡುಗುತ್ತದೆ. ನಾಲ್ಕು ಚಕ್ರದ ಗೇರನ್ನು ಟಾರಿನ ಮೇಲೆ ಪರೀಕ್ಷಿಸಬೇಡಿ, ಮಣ್ಣಿನ ಮೇಲೆಯೇ ಪರೀಕ್ಷಿಸಿ. ಈ ಯಾವ ವಾಹನದಲ್ಲೂ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸವನ್ನು ಹೊಂದಿಸುವ ಡಿಫರೆನ್ಷಿಯಲ್ ಇಲ್ಲದಿರುವುದರಿಂದ, ಗಟ್ಟಿ ನೆಲದಲ್ಲಿ ತಿರುಗಿಸಿದರೆ ಕ್ರಾಸುಗಳ ಮೇಲೆ ಭಾರ ಬೀಳುತ್ತದೆ.

ನಿಜವಾಗಿಯೂ ಸೇನೆಯ ಗಾಡಿಯೇ ಎಂದು ತಿಳಿಯಲು ಒಂದು ಗುರುತು ಹೇಳುತ್ತೇನೆ. ರಾತ್ರಿ ಹೆಡ್‌ಲೈಟ್ ಹಾಕದೆ ಸಾಲಾಗಿ ಹೋಗುವಾಗ ಹಿಂದಿನ ಚಾಲಕನಿಗೆ ಕಾಣಲೆಂದು, ಹಿಂದಿನ ಆಕ್ಸಲ್ಲಿನ ನಡುವೆ ಗುಂಡಗಿರುವ ಹೌಸಿಂಗಿಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಬೆಳಕು ಬೀಳುವಂತೆ ಸಣ್ಣ ದೀಪವೊಂದನ್ನು ಇಟ್ಟಿರುತ್ತಾರೆ. ಮೇಲೆ ಎಷ್ಟು ಕಪ್ಪು ಬಣ್ಣ ಬಳಿದಿದ್ದರೂ ಕೆರೆದರೆ ಅಡಿಯಲ್ಲಿ ಬಿಳಿ ಸಿಗುತ್ತದೆ.

ಉತ್ತರ: ಮಂಜೇಶ್ವರದಿಂದ

ಎಂಜಿನ್ನಿನ ಚರ್ಚೆ ಚೆನ್ನಾಗಿ ನಡೆದಿದೆ. ನಾನು ಕಾಗದಪತ್ರಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನನ್ನ ದುಡ್ಡು ಹೋದದ್ದು ಅಲ್ಲಿ.

ಕೆಲವು ವರ್ಷಗಳ ಹಿಂದೆ ಹೊರರಾಜ್ಯದ ವ್ಯಾಪಾರಿಯೊಬ್ಬರಿಂದ ಜಿಪ್ಸಿಯೊಂದನ್ನು ಕೊಂಡೆ. ಗಾಡಿ ಬಹಳ ಚೆನ್ನಾಗಿತ್ತು. ಆದರೆ ಸೇನೆಯವರು ಹರಾಜಿನಲ್ಲಿ ಕೊಟ್ಟ ಮೂಲ ಮಾರಾಟ ಪತ್ರ ಅದರ ಜೊತೆ ಇರಲಿಲ್ಲ, ಕೊಟ್ಟದ್ದು ಅದರ ಜೆರಾಕ್ಸ್ ಮಾತ್ರ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೇನೆಯಿಂದ ಬಂದ ವಾಹನವನ್ನು ಮೊದಲ ಸಲ ನೋಂದಾಯಿಸಲು ಆ ಮೂಲ ಪತ್ರ, ಅಂದರೆ ಫಾರಂ 21, ಕಡ್ಡಾಯ. ಮೂಲವನ್ನು ಕಳುಹಿಸುತ್ತೇನೆಂದ ವ್ಯಾಪಾರಿ ಆಮೇಲೆ ಫೋನು ಎತ್ತಲಿಲ್ಲ. ಎರಡು ಮಳೆಗಾಲ ಆ ಗಾಡಿ ನಮ್ಮ ಹಟ್ಟಿಯ ಪಕ್ಕದ ಮಾಡಿನಡಿ ನಿಂತಿತ್ತು. ಕೊನೆಗೆ ಬಿಡಿಭಾಗಗಳ ಬೆಲೆಗೆ ಕೊಟ್ಟೆ. ಅದನ್ನು ಕಟ್ಟಿ ಎಳೆದುಕೊಂಡು ಹೋಗುವುದನ್ನು ನೋಡಲಾರದೆ ನನ್ನ ತಂದೆಯವರು ಒಳಗೆ ಹೋಗಿ ಕುಳಿತರು.

ಹೊಸದಾಗಿ ಹರಾಜಿನಿಂದ ಬರುವ ಗಾಡಿಯ ಆಸೆಗೆ ಬೀಳುವ ಮುನ್ನ ಇನ್ನೊಂದು ವಿಷಯವನ್ನು ಗಮನಿಸಿ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ಮುಂದುವರಿಸದೆ ಗುಜರಿಗೆ ಕಳುಹಿಸಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ರಕ್ಷಣಾ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ಅದರಲ್ಲಿ ವಿನಾಯಿತಿ ಇದೆ. ಸರ್ಕಾರಿ ಸೊತ್ತುಗಳನ್ನು ಹರಾಜು ಹಾಕುವ ಎಂಎಸ್‌ಟಿಸಿ ಕಂಪನಿಯ ಇ-ಹರಾಜಿನಲ್ಲಿ ಬರುವ ಲಾಟು ಓಡಿಸಲು ಮಾರುವ ವಾಹನವೇ, ಗುಜರಿ ಎಂದು ಮಾರುವುದೇ ಎಂಬುದನ್ನು ಷರತ್ತುಗಳಲ್ಲಿ ಓದದೆ ಮುಂಗಡ ಕಟ್ಟಬೇಡಿ. ನನ್ನ ಅಭಿಪ್ರಾಯದಲ್ಲಿ ನಿಮ್ಮಂಥವರಿಗೆ ಸುರಕ್ಷಿತವಾದದ್ದು, ಈಗಾಗಲೇ ನಮ್ಮ ಜಿಲ್ಲೆಯ ಕೆಎಲ್ 14 ಅಥವಾ ಕೆಎಲ್ 60 ನಂಬರಿನಲ್ಲಿ ನೋಂದಣಿಯಾಗಿ, ಆರ್‌ಸಿ (ನೋಂದಣಿ ಪತ್ರ) ನವೀಕರಣವಾಗಿರುವ ಗಾಡಿ. ಕರ್ನಾಟಕದ ಕೆಎ 19 ಅಥವಾ ಕೆಎ 21 ಆದರೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಹಳೆಯ ಗಾಡಿಗೆ ಕೇರಳದಲ್ಲಿ ಹಸಿರು ತೆರಿಗೆಯೂ ಇದೆ.

ಹಸಿರು ಎಂದಾಗ ನೆನಪಾಯಿತು: ಆ ಸೇನೆಯ ಆಲಿವ್ ಹಸಿರು ಬಣ್ಣವನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಬಿಟ್ಟರೆ ಬೇರೆಯವರು ಬಳಸುವಂತಿಲ್ಲ, ನಿಯಮ 121 ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಗೆಯೇ ಜೋಂಗಾಕ್ಕೆ ಬೇರೆ ಡೀಸೆಲ್ ಎಂಜಿನ್ ಕೂರಿಸಿ ಮಾರುವುದು ಬಹಳ ಕಡೆ ಇದೆ. ಆರ್‌ಸಿಯಲ್ಲಿ ಪೆಟ್ರೋಲ್ ಎಂದೇ ಉಳಿದಿದ್ದರೆ ಅದು ಕಾನೂನಿಗೆ ವಿರುದ್ಧ. ವಾಹನವನ್ನು ತಯಾರಕರ ಮೂಲ ವಿವರಗಳಿಂದ ಬದಲಿಸುವುದರ ಬಗ್ಗೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕಟ್ಟುನಿಟ್ಟಿನ ತೀರ್ಪು ಕೊಟ್ಟದ್ದು ನಮ್ಮ ಕೇರಳದಿಂದ ಹೋದ ಪ್ರಕರಣದಲ್ಲೇ.

ಉತ್ತರ: ಬದಿಯಡ್ಕದ ಜೀಪು ಮಾಲಕ

ಫಿಟ್ಟರ್ ಅವರು ಜಿಪ್ಸಿಯ ಹಗುರತನದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಖಾಲಿ ಗಾಡಿಗೆ ಅದು ಅನುಕೂಲ, ಹಿಂದೆ ಏಳು ಚೀಲ ಹೇರಿದಾಗ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ, ಏರಿನಲ್ಲಿ ಅವು ಹಿಡಿತ ಬಿಡುವುದನ್ನು ನಾನು ಕಂಡಿದ್ದೇನೆ. ಜಿಪ್ಸಿ ತೆಗೆದುಕೊಂಡರೆ ಐದು ಚೀಲಕ್ಕೆ ನಿಲ್ಲಿಸಿ, ಅವನ್ನು ಸೀಟಿನ ಬೆನ್ನಿಗೆ ತಾಗಿಸಿ ಇಡಿ. ಎರಡು ಸಲ ಹೋಗಿಬಂದರಾಯಿತು.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರ ಉಪಕಾರವನ್ನು ನೆನೆಯುತ್ತೇನೆ. ನೀವು ಹೇಳಿದಂತೆ ಗೋಣಿಚೀಲ, ಸ್ಕ್ರೂಡ್ರೈವರ್, ಜಾಕಿ ಹಿಡಿದುಕೊಂಡೇ ಹೋದೆ.

ನಿಸ್ಸಾನ್ ಒನ್ ಟನ್ ವಿಚಾರ ಅಳತೆಯ ಪಟ್ಟಿಯಲ್ಲೇ ಮುಗಿಯಿತು, ನಮ್ಮ ತಿರುವಿನ ಒಂದು ಬದಿಗೆ ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದ ಬಾಯಿ ಇರುವುದರಿಂದ ಅಗಲಿಸಲು ಜಾಗವಿಲ್ಲ. ಜೋಂಗಾವನ್ನು ನೋಡಿದೆ. ಎಂಜಿನ್ ಚಾಲೂ ಮಾಡಿದಾಗ ಆ ಸದ್ದಿಗೆ ಮನಸ್ಸು ಸೋತದ್ದು ನಿಜ. ಆದರೆ ಅದರಲ್ಲಿದ್ದದ್ದು ಡೀಸೆಲ್ ಎಂಜಿನ್, ಆರ್‌ಸಿಯಲ್ಲಿದ್ದದ್ದು ಪೆಟ್ರೋಲ್. ಮಾತು ಅಲ್ಲಿಗೇ ನಿಲ್ಲಿಸಿದೆ. ಜಿಪ್ಸಿಯ ಹೌಸಿಂಗನ್ನು ಕೆರೆದಾಗ ಅಡಿಯಲ್ಲಿ ಬಿಳಿ ಬಣ್ಣ ಕಂಡಿತು, ಸೇನೆಯದೆಂಬುದು ಸತ್ಯವೇ. ಆದರೆ ಹಿಂದಿನ ಬಲಬದಿಯ ಪ್ಲೇಟಿನ ಹತ್ತಿರ ಸ್ಕ್ರೂಡ್ರೈವರ್ ಅರ್ಧ ಇಂಚು ಒಳಗೆ ಹೋಯಿತು. ಮಾರುವವರು ವೆಲ್ಡಿಂಗ್ ಮಾಡಿಸಿ ಕೊಡುತ್ತೇನೆಂದರು, ನಾನು ಬೇಡವೆಂದೆ.

ಎಂಎಂ 540ರ ಅಡಿಯಲ್ಲಿ ಬಿಳಿ ಬಣ್ಣವೇನೂ ಸಿಗಲಿಲ್ಲ. ಅದು ಮಿಲಿಟರಿ ಗಾಡಿಯೇ ಅಲ್ಲ, ಮೊದಲಿನಿಂದಲೂ ಖಾಸಗಿಯವರ ಹೆಸರಿನಲ್ಲೇ ಇದ್ದದ್ದೆಂದು ಆರ್‌ಸಿಯಿಂದ ತಿಳಿಯಿತು. ಆದರೆ ಚಾಸಿ ಗಟ್ಟಿಯಾಗಿದೆ, ಕೊರೆದ ಸಂಖ್ಯೆ ಆರ್‌ಸಿಗೆ ಅಕ್ಷರಶಃ ಹೊಂದುತ್ತದೆ, ಕೆಎಲ್ 14 ನಂಬರು, ನವೀಕರಣಕ್ಕೆ ಇನ್ನೂ ಮೂರು ವರ್ಷ ಅವಧಿ ಇದೆ. ಮುಂದಿನ ಎಡ ಚಕ್ರದ ಕಿಂಗ್‌ಪಿನ್ ಬೇರಿಂಗು ಮಾತ್ರ ಟಕ್ ಎನ್ನುತ್ತದೆ. ಅದರ ಖರ್ಚನ್ನು ಬೆಲೆಯಲ್ಲಿ ಬಿಟ್ಟುಕೊಡಲು ಅವರು ಒಪ್ಪಿದ್ದರಿಂದ ಮುಂಗಡ ಕೊಟ್ಟು ಬಂದಿದ್ದೇನೆ. ಫಿಟ್ಟರ್ ಅವರಲ್ಲಿ ಒಂದೇ ವಿನಂತಿ: ಬೇರಿಂಗು ಹಾಕಿಸುವಾಗ ಎಡದ್ದು ಮಾತ್ರ ಸಾಕೇ, ಬಲದ್ದನ್ನೂ ಜೊತೆಗೇ ಬದಲಿಸಬೇಕೇ?

ಉತ್ತರ: ಮುಳ್ಳೇರಿಯದ ನಿವೃತ್ತ ಫಿಟ್ಟರ್

ಎರಡನ್ನೂ ಬದಲಿಸಿ, ಎಣ್ಣೆ ಸೀಲುಗಳನ್ನೂ ಹೊಸದು ಹಾಕಿಸಿ. ಬಿಚ್ಚುವ ದಿನ ತಿಳಿಸಿದರೆ ನಾನೇ ಬಂದು ನಿಂತು ನೋಡುತ್ತೇನೆ.