ಓದುಗರ ಸ್ಪಂದನ: ಹೋಗಲೋ, ಅಳಿವೆ ಕಾಯಲೋ?

ಕಳೆದ ಸಂಚಿಕೆಯಲ್ಲಿ ಉತ್ತರ ಕನ್ನಡದ ಅಘನಾಶಿನಿ ಹೊಳೆ ದಡದ, ಹಾಲಕ್ಕಿ ಸಮುದಾಯದ ಹುಡುಗನೊಬ್ಬ ತನ್ನ ಕಷ್ಟ ಹೇಳಿಕೊಂಡಿದ್ದ. ಬಿ.ಎಸ್ಸಿ. ಮುಗಿದಿದೆ, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಅವನಿಗೆ ಮಾತ್ರ ಊರಲ್ಲೇ ಇದ್ದು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ಕಾಯುವ ಆಸೆ. ಕೆಸರಲ್ಲಿ ಸಿಗುವ ಚಿಪ್ಪುಮೀನು ಬಳಚು; ಅದರಲ್ಲಿ ಸಣ್ಣದನ್ನು ಆಯಬೇಡಿ ಎಂದದ್ದಕ್ಕೆ ಅವನ ಕೇರಿಯವರು ಮುನಿಸಿಕೊಂಡಿದ್ದಾರೆ. ಪತ್ರಗಳು ರಾಶಿ ಬಂದಿವೆ. ಹುಬ್ಬಳ್ಳಿಯ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ:

"ಅಮ್ಮ ಕೆಸರಲ್ಲಿ ನಿಂತು ಬಳಚು ಆಯ್ದು ಓದಿಸಿದ್ದು ಮಗನೂ ಬಂದು ಪಕ್ಕದಲ್ಲಿ ನಿಲ್ಲಲಿ ಅಂತಲ್ಲ. ಮೊದಲು ಸಂಬಳ ತಗೊಳ್ಳಿ, ಆಮೇಲೆ ನೀರು ಕಾಯಿರಿ."

ಅಮ್ಮ ಏನನ್ನುತ್ತಾರೆ ಎಂದು ಹುಡುಗ ಬರೆದಿರಲಿಲ್ಲ, ನಿಜ. ಮುಂದಿನ ಪತ್ರ ಉದ್ದವಿದೆ. ಕತ್ತರಿ ಹಾಕಲು ಮನಸ್ಸು ಬರಲಿಲ್ಲ.

"ತಮ್ಮಾ, ನನ್ನ ತವರು ಕುಮಟಾ ಕಡೆಯ ಗಜನಿ ಊರು. ಗಜನಿ ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆ. ಈಗ ಶಿರಸಿಯಲ್ಲಿದ್ದೇನೆ. ನಮ್ಮಣ್ಣನೂ ನಿನ್ನ ಹಾಗೇ ಇದ್ದ. ಆಗ ಮಳೆಗಾಲದಲ್ಲಿ ಗಜನಿ ತುಂಬ ಕಗ್ಗ. ಉಪ್ಪುನೀರು ತಡೆದುಕೊಳ್ಳುವ ಭತ್ತ ಅದು. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಹೊಳೆನೀರು ಒಳಗೆ ಬಿಟ್ಟು ಮೀನು, ಸಿಗಡಿ ಹಿಡಿಯುತ್ತಿದ್ದರು. ಇಳಿತದ ಹೊತ್ತಿಗೆ ಜಂತ್ರಡಿಯ, ಅಂದರೆ ಒಡ್ಡಿನ ತೂಬಿನ, ಹಲಗೆ ಎತ್ತಿದ ಕೂಡಲೇ ನೀರು ಬುಸುಗುಟ್ಟಿ ನುಗ್ಗುತ್ತಿತ್ತು, ಬಲೆಯ ಬುಡದಲ್ಲಿ ಸಿಗಡಿ ಚಟಪಟ ಹಾರುತ್ತಿದ್ದವು.

ತೊಂಬತ್ತರ ದಶಕದಲ್ಲಿ ಹೊರಗಿನವರು ಬಂದು ಸಿಗಡಿ ಕೃಷಿಗೆ ಗಜನಿ ಗುತ್ತಿಗೆ ಕೇಳಿದರು. ಕೂತಲ್ಲೇ ದುಡ್ಡು. ಎಲ್ಲರೂ ಹೂಂ ಅಂದರು, ಅಣ್ಣ ಒಬ್ಬ ಒಪ್ಪಲಿಲ್ಲ. ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮರ) ಕಡಿಯಬೇಡಿ, ಒಡ್ಡು ನಿಂತಿರುವುದೇ ಅದರಿಂದ ಅಂತ ಮನೆಮನೆಗೆ ಹೋಗಿ ಜಗಳ ಆಡಿದ. ಊರವರು ನಮ್ಮನ್ನು ಮದುವೆಮನೆಗೆ ಕರೆಯುವುದು ಬಿಟ್ಟರು. ನನ್ನ ಮದುವೆ ತಡವಾದದ್ದೂ ಅದಕ್ಕೇ. 1996ರಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಹೊಂಡಗಳ ವಿರುದ್ಧ ತೀರ್ಪು ಕೊಟ್ಟಿತು. ನಮ್ಮೂರ ಹೊಂಡಗಳಿಗೆ ಸಿಗಡಿ ಸಾಯಿಸುವ ಬಿಳಿ ಚುಕ್ಕೆ ರೋಗವೂ ಬಡಿಯಿತು. ಆದರೂ ಅಣ್ಣ ಹೇಳಿದ್ದೇ ಆಯ್ತಲ್ಲ ಅಂತ ಯಾರೂ ಅನ್ನಲಿಲ್ಲ. ಅಷ್ಟರಲ್ಲಿ ಒಡ್ಡು ಕಟ್ಟಲು ಜನ ಒಟ್ಟಾಗುವುದೇ ನಿಂತುಹೋಗಿತ್ತು. ಅಣ್ಣ ಬೋಟಿನ ಕೆಲಸಕ್ಕೆ ಗೋವಾಕ್ಕೆ ಹೋದ. ಈಗಲೂ ಗಜನಿ ಸುದ್ದಿ ತೆಗೆದರೆ ಫೋನ್ ಇಟ್ಟುಬಿಡುತ್ತಾನೆ.

ಅವನು ಹೇಳಿದ್ದು ಸರಿಯೇ. ಆದರೆ ಯಾರನ್ನೂ ಜೊತೆಗೆ ಕರೆದುಕೊಳ್ಳಲಿಲ್ಲ, ಅಪ್ಪನನ್ನು ಕೂಡ. ಆ ಸಿಟ್ಟು ನನಗೆ ಇನ್ನೂ ಇದೆ. ನೀನು ಇರ್ತೀಯೋ ಹೋಗ್ತೀಯೋ, ನಿನ್ನಿಷ್ಟ. ಇದ್ದರೆ ಒಬ್ಬನೇ ಇರಬೇಡ."

ಕಾರವಾರದ ಓದುಗರೊಬ್ಬರದು ಬೇರೆಯೇ ದಾರಿ:

"ಅದೆಲ್ಲ ಇರಲಿ. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ? ನಮ್ಮ ಹಾಡುಗಾರ್ತಿ ಸುಕ್ರಜ್ಜಿಯೂ (ಸುಕ್ರಿ ಬೊಮ್ಮಗೌಡ) ಕೇಳಿದ್ದರು, 2025ರಲ್ಲಿ ತೀರಿಕೊಂಡರು. ಆ ಸರ್ಟಿಫಿಕೇಟ್ ಇದ್ದಿದ್ದರೆ ಹುಡುಗನಿಗೆ ಇಲ್ಲೇ ಸರ್ಕಾರಿ ಕೆಲಸ ಸಿಗಬಹುದಿತ್ತು. ಮೊದಲು ಅದಕ್ಕೆ ಹೋರಾಡಲಿ."

ಅದು ದೊಡ್ಡ ವಿಷಯ, ಬೇರೆಯಾಗಿಯೇ ಚರ್ಚಿಸೋಣ. ಬಳಚಿನ ಮಾತಿಗೆ ಬಂದವರು ಮಂಗಳೂರಿನಲ್ಲಿ ಮೀನುಗಾರಿಕೆ ಓದಿದ ಒಬ್ಬರು:

"ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ರಫ್ತು ಜೋರಾಗಿ, 1990ರ ದಶಕದ ಆರಂಭದಲ್ಲಿ ಬಳಚು ಅರ್ಧಕ್ಕೆ ಇಳಿದಿತ್ತು. ಆಮೇಲೆ ಕಟ್ಟುಪಾಡು ಬಂತು. ಡಿಸೆಂಬರಿನಿಂದ ಫೆಬ್ರವರಿವರೆಗೆ ತೆಗೆಯುವಂತಿಲ್ಲ, ಬಲೆಯ ಕಣ್ಣು 30 ಮಿ.ಮೀ.ಗಿಂತ ಸಣ್ಣದಿರುವಂತಿಲ್ಲ. 2014ರಲ್ಲಿ ಅದಕ್ಕೆ ಎಂಎಸ್‌ಸಿ ಪ್ರಮಾಣಪತ್ರ, ಅಂದರೆ ಸಂತತಿ ಉಳಿಸಿಕೊಂಡು ಹಿಡಿಯುತ್ತಾರೆ ಎಂಬ ಅಂತರರಾಷ್ಟ್ರೀಯ ಮುದ್ರೆ, ಸಿಕ್ಕಿತು, ಭಾರತದಲ್ಲೇ ಮೊದಲನೆಯದು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ, ಸೇರಿದೆ ಅಲ್ವಾ? ಪಟ್ಟಿ ಸೇರಿದ ಮಾತ್ರಕ್ಕೆ ಸುಮ್ನೆ ಮರಿ ಬಳಚು ಉಳಿಯಲ್ಲ. ಆಯುವವರು, ಕೊಳ್ಳುವವರು, ಇಲಾಖೆ ಮೂವರೂ ಕೂತು ಮಾತಾಡಬೇಕು."

ಕೊನೆಯದು ಬಳಚು ಆಯುವವರದೇ ಮಾತು. ಅಮ್ಮ ಹೇಳಿದ್ದನ್ನು ಮಗಳು ಬರೆದು ಕಳಿಸಿದ್ದಾಳೆ. ಹುಡುಗ ಇದನ್ನು ಎರಡೆರಡು ಸಲ ಓದಲಿ.

"ಮಗಾ, ಸಣ್ಣದು ಬಿಡಬೇಕು ಅಂತ ನಮಗೂ ಗೊತ್ತು. ನಾನು ಬಿಟ್ಟರೆ ಮಧ್ಯಾಹ್ನಕ್ಕೆ ಇನ್ನೊಬ್ಬಳು ತುಂಬ್ಕೊಂಡು ಹೋಗ್ತಾಳೆ. ಅವಳ ಮನೇಲೂ ಒಲೆ ಉರೀಬೇಕಲ್ಲ. ನೀನು ನಮ್ಮ ಹತ್ರ ಜಗಳ ಮಾಡೋದು ಬಿಡು. ಗಾಡಿ ತಂದು ಚೀಲಗಟ್ಟಲೆ ತಗೊಂಡು ಹೋಗ್ತಾನಲ್ಲ, ಅವನ ಹತ್ರ ಮಾತಾಡು. ಸಣ್ಣದಕ್ಕೆ ಅವನು ದುಡ್ಡು ಕೊಡದಿದ್ರೆ ನಾವ್ಯಾಕೆ ಬಗ್ಗಿ ಆಯ್ತೇವೆ? ಬೆಂಗಳೂರಿಗೆ ಹೋಗೋದಾದ್ರೂ ಅದೊಂದು ಮಾತು ಮುಗಿಸಿ ಹೋಗು."