ಚೆಂಡು ಬಲೆ ಸೇರಿದ ಮೇಲೆ ಬೀಳುವ ರೋಬೋ ಗೋಲಿ: ತಡ ಎಲ್ಲಾಗುತ್ತಿದೆ?

ರೀಫ್ಸ್_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಕೆಜಿಎಫ್‌ನವನು. ಡಿಪ್ಲೊಮಾ ಕೊನೆಯ ವರ್ಷ, ಎಲೆಕ್ಟ್ರಾನಿಕ್ಸ್. ನಾನು ಓದಿದ ಹೈಸ್ಕೂಲಿನಲ್ಲಿ ಮುಂದಿನ ತಿಂಗಳು ಕ್ರೀಡಾ ದಿನ ಇದೆ. ಮಕ್ಕಳು ಫುಟ್‌ಬಾಲ್ ಪೆನಾಲ್ಟಿ ಹೊಡೆಯೋಕೆ ಒಂದು ಯಂತ್ರದ ಗೋಲಿ, ಅಂದರೆ ಗೋಲ್‌ಕೀಪರ್, ಮಾಡಿಕೊಡುತ್ತೇನೆ ಎಂದು ಪಿ.ಟಿ. ಮೇಷ್ಟ್ರಿಗೆ ಮಾತು ಕೊಟ್ಟಿದ್ದೇನೆ.

ಜರ್ಮನಿಯ ರೋಬೋಕೀಪರ್ ವಿಡಿಯೊ ನೋಡಿದಾಗಿನಿಂದ ತಲೆಯಲ್ಲಿ ಇದೇ ಇದೆ. ಡಾರ್ಟ್‌ಮುಂಡ್‌ನ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಹುಟ್ಟಿದ್ದು ಅದು. ಗೋಲಿನ ನಡುವೆ ಮನುಷ್ಯನ ಆಕಾರದ ಹಲಗೆ, ಅದರ ಬುಡದಲ್ಲಿ ಮೋಟಾರ್. ಎರಡು ಕ್ಯಾಮೆರಾ ಚೆಂಡನ್ನು ನೋಡುತ್ತವೆ, ಹಲಗೆ ಗಡಿಯಾರದ ಮುಳ್ಳಿನ ಹಾಗೆ ಅತ್ತಿತ್ತ ತಿರುಗುತ್ತದೆ. ಮೆಸ್ಸಿ ಕೂಡ ಅದರ ಎದುರು ಹೊಡೆದಿದ್ದಾರೆ.

ನನ್ನದು ಹೀಗಿದೆ. ಜಿಐ ಪೈಪಿನ ಗೋಲು, 3 ಮೀಟರ್ ಅಗಲ, 2 ಮೀಟರ್ ಎತ್ತರ. ಹೊಡೆಯುವ ಗುರುತು 6 ಮೀಟರ್ ದೂರ. ಹಲಗೆ 12 ಎಂಎಂ ಪ್ಲೈವುಡ್, 1.4 ಮೀಟರ್ ಉದ್ದ. ಮೋಟಾರ್ ಹಳೇ ಕಾರಿನ ವೈಪರ್‌ದು, ಗುಜರಿಯಲ್ಲಿ ತಂದೆ. ಸೆಕೆಂಡಿಗೆ 30 ಫ್ರೇಮ್ (ಚಿತ್ರ) ತೆಗೆಯುವ ಒಂದು ವೆಬ್‌ಕ್ಯಾಮ್ ಗೋಲಿನ ಹಿಂದೆ, ಬಲೆಯ ಆಚೆ ಸ್ಟ್ಯಾಂಡ್ ಮೇಲಿದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಓಪನ್‌ಸಿವಿ (ಚಿತ್ರಗಳನ್ನು ಪರಿಶೀಲಿಸುವ ಸಾಫ್ಟ್‌ವೇರ್) ಕಿತ್ತಳೆ ಬಣ್ಣದ ಚೆಂಡನ್ನು ಹುಡುಕಿ, ಎಷ್ಟು ಡಿಗ್ರಿ ತಿರುಗಬೇಕು ಎಂದು ಆರ್ಡ್ಯುನೊ ಎಂಬ ಕಂಟ್ರೋಲರ್ ಬೋರ್ಡಿಗೆ ಕಳಿಸುತ್ತದೆ. ಆರ್ಡ್ಯುನೊ ಮೋಟಾರ್ ತಿರುಗಿಸುತ್ತದೆ.

ತೊಂದರೆ ಏನೆಂದರೆ, ಚೆಂಡು ಬಲೆಗೆ ಬಡಿದು ವಾಪಸ್ ಉರುಳಿ ಬರುವ ಹೊತ್ತಿಗೆ ಹಲಗೆ ತಿರುಗುತ್ತದೆ. ದಿಕ್ಕು ಮಾತ್ರ ಬಹಳ ಸಲ ಸರಿಯಾಗಿಯೇ ಇರುತ್ತದೆ. ಸಂಜೆ ಐದೂವರೆ ದಾಟಿದರೆ ಚೆಂಡೇ ಕಾಣುವುದಿಲ್ಲ. ಕೆಲವು ಸಲ ಯಾರೂ ಹೊಡೆಯದಿದ್ದರೂ ತಿರುಗುತ್ತದೆ. ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ದೊಡ್ಡ ಸರ್ವೊ ಮೋಟಾರ್ ತರಬೇಕು ಎಂದು ಸ್ನೇಹಿತರು ಹೇಳುತ್ತಾರೆ. ಅಷ್ಟು ದುಡ್ಡಿಲ್ಲ. ಮೋಟಾರೇ ಕಾರಣವಾ?

ಪೀಣ್ಯ_ಕ್ಯಾಮೆರಾ

ಮೋಟಾರ್ ಅಲ್ಲ ಅನ್ನಿಸುತ್ತದೆ. ತರಬೇಡಿ, ಮೊದಲು ಅಳೆಯಿರಿ.

ನಾನು ಪೀಣ್ಯದಲ್ಲಿ ಹದಿನಾಲ್ಕು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದೇನೆ. ಬೆಲ್ಟಿನ ಮೇಲೆ ಓಡುವ ಬಾಟಲಿಗಳಲ್ಲಿ ಮುಚ್ಚಳ ಓರೆಯಾಗಿ ಕೂತಿದ್ದರೆ ಕ್ಯಾಮೆರಾದಲ್ಲಿ ಹಿಡಿಯಬೇಕು, ಗಾಳಿ ಊದಿ ಆ ಬಾಟಲಿಯನ್ನು ಪಕ್ಕಕ್ಕೆ ತಳ್ಳಬೇಕು. ನಿಮ್ಮ ಗೋಲಿಯ ಕೆಲಸವೂ ಇದೇ. ನೋಡು, ಲೆಕ್ಕ ಹಾಕು, ಹೊತ್ತಿಗೆ ಸರಿಯಾಗಿ ತಳ್ಳು.

ಎಷ್ಟು ಹೊತ್ತಿದೆ ಎಂದು ನೋಡೋಣ. ಹೈಸ್ಕೂಲ್ ಹುಡುಗ ಗಟ್ಟಿಯಾಗಿ ಹೊಡೆದರೆ ಸೆಕೆಂಡಿಗೆ 15 ಮೀಟರ್ ಎಂದು ಇಟ್ಟುಕೊಳ್ಳಿ. 6 ಮೀಟರ್ ದಾಟಲು 0.4 ಸೆಕೆಂಡ್. ದೊಡ್ಡವರ ಆಟದಲ್ಲೂ ಇಷ್ಟೇ ಸಿಗುವುದು. ಅಲ್ಲಿ 11 ಮೀಟರ್, ಹೊಡೆತ ಗಂಟೆಗೆ 100 ಕಿ.ಮೀ. ಇದ್ದರೆ ಅದೇ 0.4 ಸೆಕೆಂಡ್. ಈ ಹೊತ್ತಿನಲ್ಲಿ ನಿಮ್ಮ ಕ್ಯಾಮೆರಾ ತೆಗೆಯುವುದು 12 ಚಿತ್ರ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಚೆಂಡು ಅರ್ಧ ಮೀಟರ್ ಮುಂದೆ ಬಂದಿರುತ್ತದೆ.

ಆದರೆ ನೀವು ಹೇಳುವ ತಡ 0.1, 0.2 ಸೆಕೆಂಡಿನದಲ್ಲ. ಚೆಂಡು ಬಲೆಗೆ ಬಡಿದು, ಉರುಳಿ ವಾಪಸ್ ಬಂದಿದೆ ಎಂದರೆ ಸೆಕೆಂಡಿಗಿಂತ ಜಾಸ್ತಿ. ವೈಪರ್ ಮೋಟಾರ್ ಎಷ್ಟೇ ಸೋಮಾರಿಯಾದರೂ ಒಂದು ಸೆಕೆಂಡ್ ಸುಮ್ನೆ ನಿಂತು ಆಮೇಲೆ ಹೊರಡುವುದಿಲ್ಲ. ಆರ್ಡ್ಯುನೊದಲ್ಲಿ ಕೋನವನ್ನು ಓದಲು ರೀಡ್‌ಸ್ಟ್ರಿಂಗ್ ಎಂಬ ಆದೇಶ ಬಳಸಿದ್ದೀರಾ? ಬಳಸಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಅದು ಇನ್ನೂ ಅಕ್ಷರ ಬರಬಹುದು ಎಂದು ಕಾಯುತ್ತಾ ಕೂರುತ್ತದೆ. ನಾವು ಬದಲಿಸದಿದ್ದರೆ ಕಾಯುವ ಅವಧಿ ಸರಿಯಾಗಿ 1000 ಮಿಲಿಸೆಕೆಂಡ್. ಬರೀ ಒಂದು ಬೈಟ್ ಕಳಿಸಿ, ಬಂದ ತಕ್ಷಣ ಓದಿ.

ಅಳೆಯುವುದು ಹೀಗೆ. ವೆಬ್‌ಕ್ಯಾಮ್ ಎದುರು ಒಂದು ಎಲ್‌ಇಡಿ ಇಡಿ. ಅದು ಹೊತ್ತಿದ ತಕ್ಷಣ ಹಲಗೆ ತಿರುಗುವಂತೆ ಪ್ರೋಗ್ರಾಂ ಬರೆಯಿರಿ. ಮೊಬೈಲಿನ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಎಲ್‌ಇಡಿ, ಹಲಗೆ ಎರಡೂ ಕಾಣುವಂತೆ ವಿಡಿಯೊ ಮಾಡಿ. ಆಮೇಲೆ ಫ್ರೇಮ್ ಎಣಿಸಿ. ಒಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡ್. ಇದಕ್ಕೆ ಖರ್ಚೇನೂ ಇಲ್ಲ.

ಇನ್ನೊಂದು ಕಡೆಯೂ ತಡ ಇರುತ್ತದೆ. ಓಪನ್‌ಸಿವಿ ಹಳೆಯ ಚಿತ್ರಗಳನ್ನು ಸಾಲಿನಲ್ಲಿ ಇಟ್ಟುಕೊಂಡು ಕೊಡುತ್ತದೆ. ನೀವು ಈಗಿನದು ಎಂದುಕೊಂಡ ಚಿತ್ರ ನಾಲ್ಕು ಚಿತ್ರದಷ್ಟು ಹಳೆಯದಾಗಿರಬಹುದು. ಪ್ರೋಗ್ರಾಂನಲ್ಲಿ ಜೊತೆಜೊತೆಗೇ ಓಡುವ ಬೇರೆ ಥ್ರೆಡ್‌ನಲ್ಲಿ ಓದುತ್ತಾ ಹೋಗಿ, ಕಡೆಯದನ್ನು ಮಾತ್ರ ಇಟ್ಟುಕೊಳ್ಳಿ.

ಸಂಜೆಯ ವಿಷಯ. ಬೆಳಕು ಕಡಿಮೆಯಾದಾಗ ವೆಬ್‌ಕ್ಯಾಮ್ ತಾನಾಗಿಯೇ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. 1/30 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಚೆಂಡು 50 ಸೆಂ.ಮೀ. ಓಡಿರುತ್ತದೆ. ಚಿತ್ರದಲ್ಲಿ ಗುಂಡಗಿನ ಚೆಂಡಿನ ಬದಲು ಮಸುಕಾದ ಪಟ್ಟಿ ಇರುತ್ತದೆ. ಆಟೋ ಎಕ್ಸ್‌ಪೋಷರ್ ಆಫ್ ಮಾಡಿ 1/1000ಕ್ಕೆ ನಿಲ್ಲಿಸಿ. ಆಗ ಓಡುವುದು ಒಂದೂವರೆ ಸೆಂ.ಮೀ. ಮಾತ್ರ. ಆದರೆ ಅದಕ್ಕೆ ಒಳ್ಳೆಯ ಬೆಳಕು ಬೇಕು, ಇಲ್ಲಿ ನಾನು ಒಂದು ವಾರ ಕಳೆದಿದ್ದೇನೆ. ಮೇನ್ಸ್ ಕರೆಂಟಿನ ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ ಚಿಕ್ಕದಾದಾಗ ಒಂದು ಚಿತ್ರ ಬೆಳ್ಳಗೆ, ಒಂದು ಕಪ್ಪಗೆ ಬರುತ್ತದೆ. ನಮ್ಮ ಲೈನಿನಲ್ಲಿ ಒಳ್ಳೆಯ ಬಾಟಲಿಗಳೆಲ್ಲ ಪಕ್ಕಕ್ಕೆ ಬೀಳುತ್ತಿದ್ದವು, ಕಾರಣ ಹುಡುಕಿದರೆ ಹೊಸದಾಗಿ ಹಾಕಿದ ಟ್ಯೂಬ್‌ಲೈಟ್. ಬ್ಯಾಟರಿಯಿಂದ ಉರಿಯುವ 12 ವೋಲ್ಟ್ ದೀಪ ಹಾಕಿಕೊಳ್ಳಿ.

ಯಾರೂ ಹೊಡೆಯದೆ ತಿರುಗುವುದು ಬಣ್ಣದಿಂದ. ಕೆಂಪು ಮಣ್ಣು, ಮೈಬಣ್ಣ, ಕಿತ್ತಳೆ ಮೂರೂ ಕ್ಯಾಮೆರಾಗೆ ಅಕ್ಕಪಕ್ಕದ ಮನೆಯವು. ರೋಬೋಕಪ್‌ನ ಸಣ್ಣ ರೋಬೋಗಳ ಪಂದ್ಯದಲ್ಲಿ ಕಿತ್ತಳೆ ಗಾಲ್ಫ್ ಚೆಂಡು ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಅಲ್ಲಿ ಕೆಳಗೆ ಹಸಿರು ಕಾರ್ಪೆಟ್. 2020ರಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಚೆಂಡನ್ನು ತಾನೇ ಹಿಂಬಾಲಿಸುವ ಕ್ಯಾಮೆರಾ ಮತ್ತೆ ಮತ್ತೆ ಲೈನ್ಸ್‌ಮನ್‌ನ ಬೋಳು ತಲೆಯ ಕಡೆ ತಿರುಗಿತ್ತು. ಗುಂಡಗಿದೆ, ಹೊಳೆಯುತ್ತದೆ ಎಂಬಷ್ಟೇ ಸಾಲದು. ಎರಡು ಚಿತ್ರಗಳ ನಡುವೆ ಗೋಲಿನ ಕಡೆಗೆ ಬಂದಿದೆಯಾ ಎಂದೂ ಕೇಳಬೇಕು. ಚೆಂಡಿಗೆ ಗಿಳಿ ಹಸಿರು ಬಣ್ಣ ಹಾಕಿ.

ಕೊನೆಯದು ಕ್ಯಾಮೆರಾದ ಜಾಗ. ಗೋಲಿನ ಹಿಂದಿಟ್ಟರೆ ನಿಮ್ಮ ಹಲಗೆಯೇ ಅಡ್ಡ ಬರುತ್ತದೆ. ಚೆಂಡು ಗೋಲಿನ ಗೆರೆ ದಾಟಿತಾ ಎಂದು ನೋಡುವ ಹಾಕ್-ಐ ವ್ಯವಸ್ಥೆ ಒಂದೊಂದು ಗೋಲ್‌ಪೋಸ್ಟ್‌ಗೆ ಏಳು ಕ್ಯಾಮೆರಾ ಇಡುತ್ತದೆ. ಆದರೂ 2020ರ ಜೂನ್‌ನಲ್ಲಿ ಆಸ್ಟನ್ ವಿಲ್ಲಾ, ಶೆಫೀಲ್ಡ್ ಯುನೈಟೆಡ್ ಪಂದ್ಯದಲ್ಲಿ ಗೋಲಿ ಚೆಂಡು ಹಿಡಿದು ಗೆರೆಯೊಳಗೆ ಹೋದಾಗ ಏಳಕ್ಕೂ ಆಟಗಾರರು, ಕಂಬ ಅಡ್ಡವಾಗಿ ಗೋಲೇ ತಪ್ಪಿಹೋಯಿತು. ನಿಮ್ಮ ಒಂದನ್ನು ಮೇಲಿನ ಪೈಪಿಗೆ ಕಟ್ಟಿ, ಹೊಡೆಯುವ ಗುರುತಿನ ಕಡೆ ಬಗ್ಗಿಸಿ.

ಕೋಲಾರ_ಪವನ

ಕತಾರ್ ವಿಶ್ವಕಪ್‌ನಲ್ಲಿ ಚೆಂಡಿನೊಳಗೇ ಸೆನ್ಸರ್ ಇತ್ತಲ್ವಾ, ಸೆಕೆಂಡಿಗೆ 500 ಸಲ ಸಂಕೇತ ಕಳಿಸುತ್ತಿತ್ತು. ಅದೇ ತರಹ ಮಾಡಿದರೆ ಕ್ಯಾಮೆರಾ ಗೋಜೇ ಬೇಡ ಅಲ್ವಾ?

ಪೀಣ್ಯ_ಕ್ಯಾಮೆರಾ

ಆ ಸೆನ್ಸರ್ ಬೇಕಾಗಿದ್ದು ಚೆಂಡಿಗೆ ಕಾಲು ತಾಗಿದ ಕ್ಷಣ ಯಾವುದು ಎಂದು ತಿಳಿಯಲು. ಆಫ್‌ಸೈಡ್ ನಿರ್ಧಾರಕ್ಕೆ ಆ ಕ್ಷಣ ಮುಖ್ಯ. ಆಟಗಾರರು ಎಲ್ಲಿದ್ದಾರೆ ಎಂದು ನೋಡಲು ಅಲ್ಲೂ ಛಾವಣಿಯ ಕೆಳಗೆ 12 ಕ್ಯಾಮೆರಾ ಇದ್ದವು. ಪವನ್ ಅವರೇ, ಗೋಲಿಗೆ ಬೇಕಾದದ್ದು ಚೆಂಡು ಎತ್ತ ಹೊರಟಿತು ಎಂಬುದು. ಆದರೆ ನಿಮ್ಮ ಮಾತಿನಲ್ಲಿ ಒಂದು ಉಪಾಯ ಇದೆ. ಹೊಡೆಯುವ ಗುರುತಿನ ಕೆಳಗೆ ಅದುರಿದರೆ ಸಂಕೇತ ಕೊಡುವ ಒಂದು ಪಿಯೆಜೊ ಬಿಲ್ಲೆ ಇಟ್ಟರೆ "ಈಗ ಹೊಡೆದರು" ಎಂದು ಗೊತ್ತಾಗುತ್ತದೆ. ಅಲ್ಲಿಯವರೆಗೆ ಹಲಗೆ ಅಲುಗಾಡಬಾರದು. ಸುಮ್ಮಸುಮ್ಮನೆ ತಿರುಗುವುದು ಅರ್ಧ ನಿಲ್ಲುತ್ತದೆ.

ರೀಫ್ಸ್_ಹುಡುಗ

ಸರ್, ನೀವು ಹೇಳಿದ್ದು ಸರಿ. ರೀಡ್‌ಸ್ಟ್ರಿಂಗ್ ಇತ್ತು. ಎಲ್‌ಇಡಿ ಹೊತ್ತಿದಾಗಿನಿಂದ ಹಲಗೆ ಪೂರ್ತಿ ತಿರುಗುವವರೆಗೆ ಎಣಿಸಿದೆ. ಮೊದಲು 340 ಫ್ರೇಮ್, ಅಂದರೆ 1.42 ಸೆಕೆಂಡ್. ಒಂದು ಬೈಟಿಗೆ ಬದಲಿಸಿದ ಮೇಲೆ 98 ಫ್ರೇಮ್. ನಂಬಲಾಗದೆ ಮೂರು ಸಲ ಎಣಿಸಿದೆ. ನನ್ನ ಎರಡು ತಿಂಗಳು ಆ ಒಂದು ಸಾಲಿನಲ್ಲಿತ್ತು.

ಆದರೂ 0.41 ಸೆಕೆಂಡ್ ಆಯಿತು. ಇನ್ನೂ ತಡವೇ. ಕ್ಯಾಮೆರಾ ಮೇಲಕ್ಕೆ ಕಟ್ಟಿದ್ದೇನೆ, ಶಟರ್ ನಿಲ್ಲಿಸಿದ್ದೇನೆ. ಚೆಂಡಿನ ದೂರವನ್ನು ಅದರ ಗಾತ್ರದಿಂದ ಲೆಕ್ಕ ಹಾಕುತ್ತೇನೆ, ಅದು ಮಾತ್ರ ತುಂಬಾ ಕುಣಿಯುತ್ತದೆ.

ಪೀಣ್ಯ_ಕ್ಯಾಮೆರಾ

ಕುಣಿಯಲೇಬೇಕು. 640 ಪಿಕ್ಸೆಲ್ ಅಗಲದ ಚಿತ್ರದಲ್ಲಿ 6 ಮೀಟರ್ ದೂರದ ಚೆಂಡು ಹದಿನೆಂಟು ಪಿಕ್ಸೆಲ್ ಇರಬಹುದು. ಒಂದು ಪಿಕ್ಸೆಲ್ ತಪ್ಪಿದರೆ ದೂರದಲ್ಲಿ 30 ಸೆಂ.ಮೀ. ತಪ್ಪುತ್ತದೆ. ಅದಕ್ಕೇ ದೊಡ್ಡವರು ಎರಡು ಕ್ಯಾಮೆರಾ ಇಡುವುದು. ನಿಮಗೆ ದೂರ ಬೇಡವೇ ಬೇಡ. ಗುರುತು ಎಲ್ಲಿದೆ ಎಂದು ಗೊತ್ತಿದೆ. ಹೊರಟ ಮೊದಲ ಮೂರು ಚಿತ್ರಗಳಲ್ಲಿ ಚೆಂಡು ಯಾವ ಕಡೆಗೆ ವಾಲಿತು ಎಂದಷ್ಟೇ ನೋಡಿ ಗೆರೆ ಎಳೆಯಿರಿ, ಹಲಗೆ ಹೊರಡಿಸಿ. ಕೋನ 2 ಡಿಗ್ರಿ ತಪ್ಪಿದರೂ ಗೋಲಿನ ಹತ್ತಿರ ಒಂದು ಚೆಂಡಿನಷ್ಟು ಮಾತ್ರ ತಪ್ಪುತ್ತದೆ, ಹಲಗೆಯ ಅಗಲ ಅದನ್ನು ಮುಚ್ಚುತ್ತದೆ. ಹಲಗೆ ಓಡುತ್ತಿರುವಾಗ ನಾಲ್ಕನೇ, ಐದನೇ ಚಿತ್ರದಿಂದ ತಿದ್ದಿ. ಪೂರ್ತಿ ಖಚಿತವಾಗಲಿ ಎಂದು ಕಾದರೆ ಚೆಂಡು ಒಳಗಿರುತ್ತದೆ.

ಪ್ಲೈವುಡ್ ತೆಗೆಯಿರಿ. ಆ ಅಳತೆಗೆ ನಾಲ್ಕು ಕೆ.ಜಿ. ಇರಬೇಕು. ಬ್ಯಾನರ್ ಅಂಗಡಿಯವರ ಹಗುರವಾದ ಫೋಮ್ ಹಲಗೆ, ಸನ್‌ಬೋರ್ಡ್, ಹಾಕಿ, ಹಿಂದೆ ಎರಡು ಅಲ್ಯೂಮಿನಿಯಂ ಪಟ್ಟಿ ಕೊಡಿ. ಮೋಟಾರ್ ಅದೇ ಇದ್ದರೂ ಬೇಗ ಹೊರಡುತ್ತದೆ. ಮಕ್ಕಳ ಕೈಗೆ ತಾಗಿದರೂ ಅಪಾಯ ಕಡಿಮೆ. ಅಂಚಿಗೆ ಫೋಮ್ ಸುತ್ತಿ. ಕರೆಂಟ್ ಕಡಿಯುವ ಕೆಂಪು ಬಟನ್ ಮೇಷ್ಟ್ರ ಕೈಯಲ್ಲಿರಲಿ. ಚೆಂಡು ತರಲು ಮಗು ಗೋಲಿನೊಳಗೆ ಹೋಗುತ್ತದೆ, ಇದನ್ನು ಮರೆಯಬೇಡಿ. ನಮ್ಮಲ್ಲಿ ಒಬ್ಬ ಹುಡುಗನ ಬೆರಳು ಹೋದದ್ದು ಬರೀ ಬೆಲ್ಟ್ ಒರೆಸುವಾಗ.

ಆಸ್ಟಿನ್‌ಟೌನ್_ನಂಬರ್1

ತಮ್ಮಾ, ನಾನು ಕ್ಯಾಮೆರಾ ಗೊತ್ತಿಲ್ಲದವನು. ಒಂದು ಕಾರ್ಖಾನೆ ತಂಡಕ್ಕೆ 11 ವರ್ಷ ಗೋಲಿಯಾಗಿದ್ದೆ. ಈಗ ಆಸ್ಟಿನ್ ಟೌನ್‌ನಲ್ಲಿ ಚಿಕ್ಕ ಮಕ್ಕಳಿಗೆ ಬೆಳಿಗ್ಗೆ ಆರಕ್ಕೆ ಆಟ ಕಲಿಸುತ್ತೇನೆ. ಅದಕ್ಕೇ ಒಂದು ಮಾತು.

ನೀನು ಚೆಂಡು ಹೊರಟ ಮೇಲೆ ನೋಡುತ್ತಿದ್ದೀಯ. ನಾವು ಅದಕ್ಕೆ ಮೊದಲೇ ನೋಡುತ್ತೇವೆ. ಊರಿದ ಕಾಲಿನ ಹೆಬ್ಬೆರಳು ಎತ್ತ ಇದೆ, ಸೊಂಟ ತೆರೆಯಿತಾ ಮುಚ್ಚಿತಾ, ಓಡಿ ಬರುವಾಗ ಕೊನೆಯ ಹೆಜ್ಜೆ ಉದ್ದವಾಯಿತಾ. ಇಷ್ಟರಲ್ಲಿ ಮೈ ಹೊರಟಿರಬೇಕು. 2006ರ ವಿಶ್ವಕಪ್‌ನಲ್ಲಿ, ಬರ್ಲಿನ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಜರ್ಮನಿಯ ಗೋಲಿ ಲೇಮನ್ ಹೊಡೆಯುವವರ ಅಭ್ಯಾಸ ಬರೆದ ಚೀಟಿಯನ್ನು ಕಾಲುಚೀಲದಲ್ಲಿ ಇಟ್ಟುಕೊಂಡಿದ್ದ. ನಮ್ಮ ಕಂಠೀರವದಲ್ಲೇ 2023ರ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್) ಫೈನಲ್. ಕುವೈತ್ ವಿರುದ್ಧ ಪೆನಾಲ್ಟಿ ಆರನೇ ಸುತ್ತಿಗೆ ಹೋಯಿತು, ಭಾರತದ ಗೋಲಿ ಗುರ್‌ಪ್ರೀತ್ ತಡೆದ. ನಾನು ಗ್ಯಾಲರಿಯಲ್ಲಿದ್ದೆ. ಅವನು ಹಾರುವ ಮುಂಚೆ ನಿಂತ ರೀತಿ ಈಗಲೂ ಕಣ್ಣಲ್ಲಿದೆ. ಅಷ್ಟು ದೊಡ್ಡ ಮೈ, ಒಂದು ಚೂರೂ ಅವಸರ ಇಲ್ಲ.

ನನ್ನ ಚಿಂತೆ ಬೇರೆ. ನಿನ್ನ ಯಂತ್ರವನ್ನು ಯಾಮಾರಿಸಲು ಆಗುವುದಿಲ್ಲ. ಮಗು ಸೊಂಟ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಹೊಡೆದರೂ ಅದು ಚೆಂಡನ್ನೇ ನೋಡುತ್ತದೆ. ಆಗ ಮಕ್ಕಳು ಕಲಿಯುವುದು ಒಂದೇ, ಮೂಲೆಗೆ ಬಲವಾಗಿ ಹೊಡೆಯುವುದು. ಎಲ್ಲವನ್ನೂ ತಡೆದರೆ ಐದನೇ ಕ್ಲಾಸಿನವರು ಎರಡು ಸಲ ಹೊಡೆದು ಹೊರಟುಹೋಗುತ್ತಾರೆ. ನಾನು ಚಿಕ್ಕವರಿಗೆ ನಿಂತಾಗ ಬೇಕೆಂದೇ ತಡವಾಗಿ ಬೀಳುತ್ತೇನೆ. ಗೋಲ್ ಹೊಡೆದ ಮಗು ನಾಳೆ ಬೆಳಿಗ್ಗೆ ಬರುತ್ತದೆ. ನಿನ್ನ ಗೋಲಿಗೂ ತಡವಾಗಿ ಬೀಳುವುದನ್ನು ಕಲಿಸು.

ರೀಫ್ಸ್_ಹುಡುಗ

ಸನ್‌ಬೋರ್ಡ್ ಹಾಕಿದೆ, 60 ಫ್ರೇಮಿನ ಕ್ಯಾಮೆರಾ ಸ್ನೇಹಿತನಿಂದ ತಂದೆ. ಈಗ 70 ಫ್ರೇಮ್, ಅಂದರೆ 0.29 ಸೆಕೆಂಡ್. ನಿನ್ನೆ ಮೈದಾನದಲ್ಲಿ 40 ಹೊಡೆತದಲ್ಲಿ 23 ತಡೆಯಿತು. ಮೇಲಿನ ಮೂಲೆಗೆ ಹಲಗೆ ಮುಟ್ಟುವುದೇ ಇಲ್ಲ, ಆರು ಗೋಲು ಅಲ್ಲೇ ಹೋದವು. ಸರ್, ಇದು ತೀರಾ ಕಡಿಮೆಯಾ?

ಪೀಣ್ಯ_ಕ್ಯಾಮೆರಾ

ಬರ್ಕ್ಲಿ ವಿಶ್ವವಿದ್ಯಾಲಯದವರು 2022ರಲ್ಲಿ ನಾಲ್ಕು ಕಾಲಿನ ಮಿನಿ ಚೀತಾ ರೋಬೋವನ್ನು ಗೋಲಿ ಮಾಡಿದರು. ಹಾರಿ, ಮಗ್ಗುಲಿಗೆ ಬಿದ್ದು 87.5 ಶೇಕಡಾ ತಡೆಯಿತು. ಆದರೆ ಅವರ ಗೋಲು 1.5 ಮೀಟರ್ ಅಗಲ, 0.9 ಮೀಟರ್ ಎತ್ತರ. ನೀವು ಅದರ ನಾಲ್ಕು ಪಟ್ಟಿಗಿಂತ ದೊಡ್ಡ ಜಾಗವನ್ನು ವೈಪರ್ ಮೋಟಾರಿನಿಂದ ಕಾಯುತ್ತಿದ್ದೀರಿ. 23 ಅಂದರೆ ನನಗೆ ತುಂಬಾ ಖುಷಿ. ಆಸ್ಟಿನ್ ಟೌನ್ ಹಿರಿಯರ ಮಾತು ಕೇಳಿ. ಈಗ ನಿಮ್ಮ ಕೈಯಲ್ಲಿ 0.29 ಇದೆ, ಅದಕ್ಕೆ ಎಷ್ಟು ಬೇಕಾದರೂ ಕೂಡಿಸಬಹುದು. 1.42 ಇದ್ದಾಗ ಕಳೆಯಲು ಆಗುತ್ತಿರಲಿಲ್ಲ.

ರೀಫ್ಸ್_ಹುಡುಗ

ಇವತ್ತು ಮಾಡಿದೆ. ತಾತನ ಹಳೇ ರೇಡಿಯೊದ ವಾಲ್ಯೂಮ್ ನಾಬನ್ನು ಆರ್ಡ್ಯುನೊಗೆ ಕಟ್ಟಿದ್ದೇನೆ. ತಿರುಗಿಸಿದರೆ 0ಯಿಂದ 0.3 ಸೆಕೆಂಡ್‌ವರೆಗೆ ತಡ ಕೂಡುತ್ತದೆ. ಬಿಳಿ ಬಣ್ಣದಲ್ಲಿ ಮೂರು ಗೆರೆ ಎಳೆದು "ಚಿಕ್ಕವರು", "ಹೈಸ್ಕೂಲು", "ಮೇಷ್ಟ್ರು" ಎಂದು ಬರೆದಿದ್ದೇನೆ. ಚಿಕ್ಕವರ ಗೆರೆಯಲ್ಲಿಟ್ಟಾಗ ಪಕ್ಕದ ಮನೆಯ ಪಾಪು ಹತ್ತರಲ್ಲಿ ಆರು ಹೊಡೆದಳು. ಕತ್ತಲಾದರೂ ಮನೆಗೆ ಹೋಗಲಿಲ್ಲ. ಗಿಳಿ ಹಸಿರು ಚೆಂಡು, ಬ್ಯಾಟರಿ ದೀಪ ಎರಡೂ ಆಗ ಚೆನ್ನಾಗಿ ಕೆಲಸ ಮಾಡಿದವು ಸರ್.